ಚುಕ್ಕಿ ಅಲುಗದ ಹಾಗೆ: ಪುಸ್ತಕಕ್ಕೆ ಸ್ಕ್ರೀನ್‌ಶಾಟ್ ಹಾಕುವ ಕೆಲಸ

(ತುಮಕೂರಿನಲ್ಲಿ ಕೈಪಿಡಿ ಬರೆಯುವವರು, ಡಿಟಿಪಿ ಮಾಡುವವರು, ಶಾಲೆಗಳ ಕಂಪ್ಯೂಟರ್ ಶಿಕ್ಷಕರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ ಹೇಳಿದ್ದೆ. ಇಲ್ಲಿ ಚಿತ್ರ ಇಲ್ಲವಾದ್ದರಿಂದ ಕೆಲವು ಕಡೆ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪುಟದ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನಾನು ಒಂದು ಕೈಪಿಡಿ ಮಾಡಿಕೊಟ್ಟೆ. ಕಂಪ್ಯೂಟರಿನಲ್ಲಿ ಪಹಣಿ ನೋಡುವುದು ಹೇಗೆ, ಅದರಲ್ಲಿ ಏನೇನು ಪರೀಕ್ಷೆ ಮಾಡಿಕೊಳ್ಳಬೇಕು ಅನ್ನೋದು ವಿಷಯ. ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಎಷ್ಟು ಅಲೆದಾಟ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಅದಕ್ಕೇ ಒಂದು ಪುಟವನ್ನು ಅದಕ್ಕಾಗಿಯೇ ಇಟ್ಟಿದ್ದೆ. ಎರಡು ಸ್ಕ್ರೀನ್‌ಶಾಟ್, ಅಕ್ಕಪಕ್ಕ. ಒಂದರಲ್ಲಿ ‘ರಾಧಮ್ಮ’, ಇನ್ನೊಂದರಲ್ಲಿ ‘ರಾದಮ್ಮ’. ಎರಡೂ ನಾವೇ ಮಾಡಿಕೊಂಡ ಮಾದರಿ ಹೆಸರುಗಳು. ಕೆಳಗೆ, ‘ಈ ವ್ಯತ್ಯಾಸ ಇದೆಯೇ ಗಮನಿಸಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಪುಸ್ತಕ ಅಚ್ಚಾಗಿ ಬಂತು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಂಚುತ್ತಾ ಇದ್ದೆ. ಒಬ್ಬ ಅಜ್ಜಿ ಆ ಪುಟವನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು. ‘ಅಲ್ಲ ಕಣಮ್ಮ, ಎರಡೂ ಒಂದೇ ಐತಲ್ಲ. ನಾನು ಏನ್ ವ್ಯತ್ಯಾಸ ನೋಡ್ಬೇಕು?’

ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ಅಜ್ಜಿ ಹೇಳಿದ್ದು ನಿಜ. ‘ಧ’ ಅಕ್ಷರದ ಕೆಳಗಿನ ಸೀಳು ಮಾಯವಾಗಿತ್ತು. ಅದರ ಜಾಗದಲ್ಲಿ ಒಂದು ಬೂದು ಕಲೆ. ಯಾವ ವ್ಯತ್ಯಾಸ ತೋರಿಸಲಿಕ್ಕೆ ಆ ಪುಟ ಇತ್ತೋ ಅದೇ ಅಳಿಸಿಹೋಗಿತ್ತು. ಸ್ಕ್ರೀನ್‌ಶಾಟ್ ತೆಗೆದಾಗ ಚೆನ್ನಾಗಿಯೇ ಇತ್ತು. ಅದು ಪುಟ ಸೇರುವ ದಾರಿಯಲ್ಲಿ ಎಲ್ಲೋ ಕೆಟ್ಟಿತು. ಎಲ್ಲಿ ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಸ್ಕ್ರೀನ್‌ಶಾಟ್ ಅಂದರೆ ಚುಕ್ಕಿ ರಂಗೋಲಿ

ಮೊದಲು ಒಂದು ಮಾತು. ಸ್ಕ್ರೀನ್‌ಶಾಟ್ ಫೋಟೋ ಅಲ್ಲ. ನೋಡಲಿಕ್ಕೆ ಎರಡೂ ಚಿತ್ರವೇ. ಫೈಲಿನಲ್ಲಿ ಎರಡೂ ಪಿಕ್ಸೆಲ್‌ಗಳೇ, ಅಂದರೆ ಬಣ್ಣದ ಸಣ್ಣ ಸಣ್ಣ ಚುಕ್ಕಿಗಳೇ. ಆದರೆ ದೇವರಾಯನದುರ್ಗದ ಬೆಟ್ಟದ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಯಾವ ಒಂದು ಪಿಕ್ಸೆಲ್ಲಿಗೂ ಅದರದೇ ಕೆಲಸ ಅಂತ ಇಲ್ಲ. ಹಸಿರು ನಿಧಾನವಾಗಿ ನೀಲಿಯಾಗುತ್ತದೆ. ನಾಲ್ಕು ಪಿಕ್ಸೆಲ್ ಕಲೆಸಿ ಒಂದು ಮಾಡಿದರೂ ಬೆಟ್ಟ ಬೆಟ್ಟವೇ. ಸ್ಕ್ರೀನ್‌ಶಾಟ್‌ನಲ್ಲಿ ಹಾಗಲ್ಲ. ಅಲ್ಲಿ ಅಕ್ಷರದ ಗೆರೆಯೇ ಒಂದು ಅಥವಾ ಎರಡು ಪಿಕ್ಸೆಲ್ ದಪ್ಪ. ಟೇಬಲ್ಲಿನ ಗೆರೆ ಒಂದೇ ಪಿಕ್ಸೆಲ್. ಪ್ರತಿ ಪಿಕ್ಸೆಲ್ಲನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಅಲ್ಲೇ ಇಟ್ಟಿರುತ್ತದೆ.

ನನಗೆ ಇದು ಅರ್ಥವಾಗಿದ್ದು ರಂಗೋಲಿಯಿಂದ. ಮನೆ ಮುಂದೆ 15 ಚುಕ್ಕಿಯ ರಂಗೋಲಿ ಹಾಕುತ್ತೀರಿ ಅಂದುಕೊಳ್ಳಿ. ಹಬ್ಬಕ್ಕೆ ಅದೇ ರಂಗೋಲಿ ದೊಡ್ಡದಾಗಿ ಬೇಕು. ಏನು ಮಾಡುತ್ತೀರಿ? ಚುಕ್ಕಿಗಳನ್ನು ದೂರ ದೂರ ಇಡುತ್ತೀರಿ. ಚುಕ್ಕಿ 15 ಇದ್ದದ್ದು 15 ಆಗಿಯೇ ಇರುತ್ತದೆ. ಎಳೆ ತಪ್ಪುವುದಿಲ್ಲ. ಇನ್ನು ಯಾರೋ ಬಂದು, ‘ಇದೇ ರಂಗೋಲಿಯನ್ನು 11 ಚುಕ್ಕಿಯಲ್ಲಿ ಹಾಕಿ’ ಅಂದರೆ? ಎಳೆಗಳು ಚುಕ್ಕಿಯ ಮೇಲೆ ಬೀಳುವುದೇ ಇಲ್ಲ. ಅರ್ಧ ಚುಕ್ಕಿ, ಕಾಲು ಚುಕ್ಕಿ ಆಗುತ್ತದೆ. ಅಂದಾಜಿನಲ್ಲಿ ಎಳೆಯಬೇಕು.

ಚಿತ್ರದ ಅಳತೆ ಬದಲಿಸುವುದು ಅಂದಾಗಲೂ ಈ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಪಿಕ್ಸೆಲ್ ಮುಟ್ಟದೆ ಕಾಗದದ ಮೇಲೆ ಅವುಗಳ ನಡುವಿನ ದೂರ ಮಾತ್ರ ಬದಲಿಸುವುದು. ಇನ್ನೊಂದು, ಪಿಕ್ಸೆಲ್‌ಗಳ ಎಣಿಕೆಯನ್ನೇ ಬದಲಿಸುವುದು. ಇದಕ್ಕೆ ರೀಸ್ಯಾಂಪ್ಲಿಂಗ್ ಅಂತಾರೆ. ಮಬ್ಬು ಹುಟ್ಟುವುದು ಇದರಲ್ಲಿ. ಒಂದು ಪಿಕ್ಸೆಲ್ ದಪ್ಪದ ಗೆರೆ ಇರುವ ಚಿತ್ರವನ್ನು ನೂರಕ್ಕೆ 73ರಷ್ಟು ಮಾಡಿ ಅಂದರೆ ಗೆರೆ 0.73 ಪಿಕ್ಸೆಲ್ ಆಗಬೇಕು. ಪಿಕ್ಸೆಲ್ಲನ್ನು ಸೀಳಲು ಬರುವುದಿಲ್ಲ. ಅದಕ್ಕೆ ಕಂಪ್ಯೂಟರ್ ಕಪ್ಪನ್ನು ಬೂದು ಮಾಡುತ್ತದೆ. ಗೆರೆ ಎರಡು ಪಿಕ್ಸೆಲ್ಲಿನ ನಡುವೆ ಬಿದ್ದರೆ ಎರಡಕ್ಕೂ ತಿಳಿ ಬೂದು ಹಚ್ಚುತ್ತದೆ. ಪುಸ್ತಕಗಳಲ್ಲಿ ಸ್ಕ್ರೀನ್‌ಶಾಟ್‌ನ ಟೇಬಲ್ಲಿನ ಒಂದು ಗೆರೆ ಕಡುವಾಗಿ, ಪಕ್ಕದ್ದು ಮಾಸಿದ ಹಾಗೆ ಕಾಣುತ್ತದಲ್ವಾ? ಅದಕ್ಕೆ ಕಾರಣ ಇದು.

ಕನ್ನಡಕ್ಕೆ ಈ ಪೆಟ್ಟು ಜಾಸ್ತಿ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಮೇಲೆ ಗುಡಿಸು, ಏತ್ವ, ನಡುವೆ ಅಕ್ಷರ, ಕೆಳಗೆ ಒತ್ತು. ಅದೇ 16 ಪಿಕ್ಸೆಲ್ ಅಳತೆಯ ಅಕ್ಷರದಲ್ಲಿ ಇಷ್ಟೂ ಕೂರಬೇಕು. ಆಮೇಲೆ ಮಹಾಪ್ರಾಣದ ಸೀಳು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ. ನಮ್ಮ ಮೇಷ್ಟ್ರು ಅದನ್ನು ‘ಹೊಟ್ಟೆ ಸೀಳು’ ಅಂತಿದ್ದರು. ಪರದೆಯ ಮೇಲೆ ಆ ಸೀಳು ಒಂದೋ ಎರಡೋ ಪಿಕ್ಸೆಲ್. ಆ ಪಿಕ್ಸೆಲ್ ಬೂದು ಆದರೆ ರಾಧಮ್ಮ ರಾದಮ್ಮ ಆಗುತ್ತಾರೆ. ಮ ಮತ್ತು ವ, ಪ ಮತ್ತು ಷ ಇವುಗಳದ್ದೂ ಇದೇ ಪಾಡು. ಅಂಕಿಗಳಲ್ಲಿ 3 ಮತ್ತು 8. ಪಹಣಿಯಲ್ಲಿ 1 ಎಕರೆ 33 ಗುಂಟೆಗೂ 1 ಎಕರೆ 38 ಗುಂಟೆಗೂ 5 ಗುಂಟೆ ವ್ಯತ್ಯಾಸ. ಅದು ಜಗಳಕ್ಕೆ ಸಾಕು.

ಮೊದಲು ಪುಟ, ಆಮೇಲೆ ಸ್ಕ್ರೀನ್‌ಶಾಟ್

ನಾವು ಸಾಮಾನ್ಯವಾಗಿ ಮಾಡುವುದು ಹೀಗೆ. ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆಯುತ್ತೇವೆ. ಪುಟಕ್ಕೆ ತಂದು ಹಾಕುತ್ತೇವೆ. ಹಿಡಿಸದಿದ್ದರೆ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡುತ್ತೇವೆ. ಓದಲಿಕ್ಕೆ ಆಗದಿದ್ದರೆ ‘ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸಾಲದು’ ಅಂತ ಬೇರೆ ಯಾವುದೋ ಸಾಫ್ಟ್‌ವೇರಿನಲ್ಲಿ 300 ಅಂತ ತುಂಬಿ ಉಳಿಸುತ್ತೇವೆ. ಇದರಲ್ಲಿ ಪ್ರತಿ ಹೆಜ್ಜೆಯೂ ತಿರುಗುಮುರುಗು. ಪುಟದಲ್ಲಿ ಆ ಚಿತ್ರಕ್ಕೆ ಎಷ್ಟು ಅಗಲ ಸಿಗುತ್ತದೆ ಅನ್ನೋದನ್ನು ಮೊದಲು ತೀರ್ಮಾನಿಸಬೇಕು. ಸ್ಕ್ರೀನ್‌ಶಾಟ್ ಅದಕ್ಕೆ ತಕ್ಕಂತೆ ತೆಗೆಯಬೇಕು.

ಒಂದು ಲೆಕ್ಕ ಮಾಡೋಣ. ಸುಲಭದ ಲೆಕ್ಕ. ಪೆನ್ನು ಇದ್ದರೆ ಬರೆದುಕೊಳ್ಳಿ.

ನಮ್ಮ ಕನ್ನಡ ಪುಸ್ತಕಗಳ ಮಾಮೂಲಿ ಅಳತೆ ಡೆಮಿ 1/8. ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. ಎರಡೂ ಕಡೆ ಅಂಚು ಬಿಟ್ಟರೆ ಬರಹಕ್ಕೆ 4.25 ಇಂಚು ಸಿಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಪರದೆ 1920 ಪಿಕ್ಸೆಲ್ ಅಗಲ. ಇಡೀ ಪರದೆಯನ್ನು 4.25 ಇಂಚಿನಲ್ಲಿ ಕೂರಿಸಿದರೆ ಇಂಚಿಗೆ 452 ಪಿಕ್ಸೆಲ್ ಆಯಿತು. ಪ್ರೆಸ್ಸಿನವರು ಕೇಳುವುದು 300. ಅದಕ್ಕಿಂತ ಜಾಸ್ತಿಯೇ ಇದೆ. ಹಾಗಾದರೆ ಚೆನ್ನಾಗಿ ಬರಬೇಕಲ್ವಾ?

ಬರುವುದಿಲ್ಲ. ಪರದೆಯ ಮೇಲಿನ ಅಕ್ಷರ 16 ಪಿಕ್ಸೆಲ್ ಅಂದುಕೊಳ್ಳಿ. ಇಂಚಿಗೆ 452ರಂತೆ ಅದು ಕಾಗದದ ಮೇಲೆ ಎರಡೂವರೆ ಪಾಯಿಂಟ್ ಆಗುತ್ತದೆ. ಇಂಚಿಗೆ 72 ಪಾಯಿಂಟ್, ಆ ಲೆಕ್ಕ. ನಿಮ್ಮ ಪುಸ್ತಕದ ಅಕ್ಷರ 12 ಪಾಯಿಂಟ್ ಇರುತ್ತದೆ. ಎರಡೂವರೆ ಪಾಯಿಂಟಿನ ಕನ್ನಡವನ್ನು ಯಾವ ಕಣ್ಣೂ ಓದಲಾರದು. ಡಿಪಿಐ ಎಷ್ಟಿದ್ದರೂ ಅಷ್ಟೇ. 1366 ಪಿಕ್ಸೆಲ್ ಪರದೆಯ ಲ್ಯಾಪ್‌ಟಾಪ್ ಆದರೆ ಇಂಚಿಗೆ 321 ಬರುತ್ತದೆ, ಅಕ್ಷರ 3.6 ಪಾಯಿಂಟ್. ಅದೂ ಆಗದು.

ಈಗ ಹಿಂದಿನಿಂದ ಬರೋಣ. ಸ್ಕ್ರೀನ್‌ಶಾಟ್‌ನೊಳಗಿನ ಅಕ್ಷರ ಕಾಗದದ ಮೇಲೆ ಕನಿಷ್ಠ 7 ಪಾಯಿಂಟ್ ಇರಬೇಕು ಅಂತ ನಾನು ಇಟ್ಟುಕೊಂಡಿದ್ದೇನೆ. 16 ಪಿಕ್ಸೆಲ್ಲು 7 ಪಾಯಿಂಟ್ ಆಗಬೇಕಾದರೆ ಇಂಚಿಗೆ ಸುಮಾರು 165 ಪಿಕ್ಸೆಲ್ ಬೇಕು. ಅದನ್ನು 4.25 ಇಂಚಿನಿಂದ ಗುಣಿಸಿ. 700 ಪಿಕ್ಸೆಲ್. ಅಂದರೆ ಬ್ರೌಸರಿನ ಕಿಟಕಿಯನ್ನು 700 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ಸ್ಕ್ರೀನ್‌ಶಾಟ್ ತೆಗೆಯಬೇಕು. ಇಡೀ ಪರದೆ ಬೇಡವೇ ಬೇಡ. ಪಕ್ಕದ ಜಾಹೀರಾತು, ಕೆಳಗಿನ ಟಾಸ್ಕ್‌ಬಾರ್, ಹದಿನಾರು ಟ್ಯಾಬು ಯಾವುದೂ ಓದುಗರಿಗೆ ಬೇಕಿಲ್ಲ.

‘ಇಂಚಿಗೆ 165 ಅಂದರೆ ಪ್ರೆಸ್ಸಿನವರು ಒಪ್ಪಲ್ಲ’ ಅಂತ ಯಾರೋ ಹಿಂದೆ ಹೇಳಿದರು. ಸರಿ. ಅದಕ್ಕೂ ದಾರಿ ಇದೆ. ಕಿಟಕಿ 1400 ಪಿಕ್ಸೆಲ್ ಮಾಡಿ, ಕಂಟ್ರೋಲ್ ಹಿಡಿದು ಪ್ಲಸ್ ಒತ್ತುತ್ತಾ ಬ್ರೌಸರಿನ ಜೂಮ್ 200ಕ್ಕೆ ತನ್ನಿ. ಈಗ ಪುಟದಲ್ಲಿ 700ರ ಕಿಟಕಿಯಲ್ಲಿ ಕಾಣುತ್ತಿದ್ದಷ್ಟೇ ವಿಷಯ ಕಾಣುತ್ತದೆ. ಆದರೆ ಪ್ರತಿ ಅಕ್ಷರವನ್ನೂ ಕಂಪ್ಯೂಟರ್ 16ರ ಬದಲು 32 ಪಿಕ್ಸೆಲ್ಲಿನಲ್ಲಿ ಹೊಸದಾಗಿ ಬರೆದಿರುತ್ತದೆ. ಇದು ಹಿಗ್ಗಿಸಿದ ಚಿತ್ರವಲ್ಲ. ಫಾಂಟಿನೊಳಗಿನ ನಿಜವಾದ ಆಕಾರದಿಂದ ಬರೆದದ್ದು. ಧ ಅಕ್ಷರದ ಸೀಳಿಗೆ ಈಗ ಎರಡರಷ್ಟು ಜಾಗ. 4.25 ಇಂಚಿನಲ್ಲಿ ಕೂರಿಸಿದಾಗ ಇಂಚಿಗೆ 329 ಪಿಕ್ಸೆಲ್. ಅಕ್ಷರ 7 ಪಾಯಿಂಟ್. ಪ್ರೆಸ್ಸಿನವರೂ ಒಪ್ಪುತ್ತಾರೆ, ಅಜ್ಜಿಯೂ ಓದುತ್ತಾರೆ.

ನನ್ನ ಇಡೀ ಮಾತಿನ ತಿರುಳು ಇದೇ. ಶಾರ್ಪ್ ಆಗಿರುವುದು ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ತೀರ್ಮಾನವಾಗುತ್ತದೆ. ತೆಗೆದ ಮೇಲೆ ನಾವು ಮಾಡಬಹುದಾದ್ದು ಅದನ್ನು ಕೆಡದ ಹಾಗೆ ಕಾಯುವುದು ಮಾತ್ರ.

ಪರದೆಯೇ 1366 ಇದ್ದರೆ 1400ರ ಕಿಟಕಿ ಎಲ್ಲಿಂದ ಬರಬೇಕು? ಕ್ರೋಮ್‌ನಲ್ಲಿ ಎಫ್12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿ. ಮೇಲೆ ಅಗಲ ತುಂಬುವ ಜಾಗ ಬರುತ್ತದೆ. ಅಲ್ಲಿ 700 ಅಂತ ಕೊಡಿ. ಪಕ್ಕದ ಮೂರು ಚುಕ್ಕಿಯ ಮೆನುವಿನಲ್ಲಿ ‘ಡಿವೈಸ್ ಪಿಕ್ಸೆಲ್ ರೇಶಿಯೊ’ ತೋರಿಸುವ ಆಯ್ಕೆ ಇದೆ. ಅದನ್ನು 2 ಅಥವಾ 3 ಮಾಡಿ. ಅದೇ ಮೆನುವಿನಲ್ಲಿ ‘ಕ್ಯಾಪ್ಚರ್ ಸ್ಕ್ರೀನ್‌ಶಾಟ್’ ಇದೆ. ನಿಮ್ಮ ಪರದೆ ಎಷ್ಟೇ ಚಿಕ್ಕದಿರಲಿ, 1400 ಅಥವಾ 2100 ಪಿಕ್ಸೆಲ್ಲಿನ ಚಿತ್ರ ಸಿಗುತ್ತದೆ. ಮೊದಲ ಸಲ ಕೈ ತಡವರಿಸುತ್ತದೆ. ನಾಲ್ಕನೇ ಸಲಕ್ಕೆ ಅಭ್ಯಾಸವಾಗುತ್ತದೆ.

ಬ್ರೌಸರ್ ಅಲ್ಲದ ಸಾಫ್ಟ್‌ವೇರುಗಳಿಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಅನ್ನು 200 ಮಾಡಿಕೊಂಡು ತೆಗೆಯಬಹುದು. ಒಂದು ಎಚ್ಚರ. ಹಳೆಯ ಕೆಲವು ಸಾಫ್ಟ್‌ವೇರುಗಳಿಗೆ ಈ ಸ್ಕೇಲಿಂಗ್ ಗೊತ್ತಿಲ್ಲ. ವಿಂಡೋಸ್ ಅವುಗಳ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತದೆ. ಪರದೆಯ ಮೇಲೇ ಮಬ್ಬಾಗಿ ಕಾಣುತ್ತದೆ. ಅಂಥವಕ್ಕೆ 100ರಲ್ಲೇ ತೆಗೆಯಿರಿ. ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.

ಮೊಬೈಲಿನ ಸ್ಕ್ರೀನ್‌ಶಾಟ್‌ಗಳಲ್ಲಿ ಪಿಕ್ಸೆಲ್ಲಿನ ಚಿಂತೆ ಕಡಿಮೆ. ಈಗಿನ ಎಷ್ಟೋ ಫೋನುಗಳಲ್ಲಿ ಅಗಲ 1080 ಪಿಕ್ಸೆಲ್. 2 ಇಂಚಿನಲ್ಲಿ ಕೂರಿಸಿದರೂ ಇಂಚಿಗೆ 540. ಅಲ್ಲಿ ಚಿಂತೆ ಅಕ್ಷರದ ಗಾತ್ರದ್ದು. ಪುಟದಲ್ಲಿ ಮೂರು ಫೋನ್ ಚಿತ್ರ ಸಾಲಾಗಿ ಇಟ್ಟರೆ ಒಂದೊಂದಕ್ಕೆ ಒಂದೂಕಾಲು ಇಂಚು ಸಿಗುತ್ತದೆ. ಫೋನೇ ಎರಡೂವರೆ ಇಂಚಿಗಿಂತ ಅಗಲ. ಅಂದರೆ ಅಕ್ಷರ ಅರ್ಧಕ್ಕಿಂತ ಚಿಕ್ಕದಾಯಿತು. ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ಫಾಂಟ್ ಗಾತ್ರ ದೊಡ್ಡದು ಮಾಡಿಕೊಳ್ಳಿ. ಅಥವಾ ಒಂದು ಸಾಲಿಗೆ ಎರಡೇ ಚಿತ್ರ ಇಡಿ.

ಹಳೆಯ ಚಿತ್ರ ಮಾತ್ರ ಇದ್ದರೆ

ಎಷ್ಟೋ ಸಲ ಮತ್ತೆ ತೆಗೆಯಲಿಕ್ಕೆ ಆಗುವುದಿಲ್ಲ. ಆ ವೆಬ್‌ಸೈಟೇ ಬದಲಾಗಿರುತ್ತದೆ. ಕೈಯಲ್ಲಿರುವುದು 700 ಪಿಕ್ಸೆಲ್ಲಿನ ಹಳೆಯ ಸ್ಕ್ರೀನ್‌ಶಾಟ್. ಆಗ ನಿಮ್ಮ ಮುಂದಿನ ಒಳ್ಳೆಯ ದಾರಿ ಏನೂ ಮಾಡದಿರುವುದು. ಹಾಗೇ ಪುಟದಲ್ಲಿ ಇಡಿ. ಇಂಚಿಗೆ 165 ಇರುತ್ತದೆ, ಇರಲಿ. ಫೋಟೋಶಾಪ್ ಆದರೆ ಇಮೇಜ್ ಸೈಜ್‌ನಲ್ಲಿ ‘ರೀಸ್ಯಾಂಪಲ್’ ಟಿಕ್ ತೆಗೆದು ಅಗಲ ಬದಲಿಸಿ. ಗಿಂಪ್ ಆದರೆ ‘ಪ್ರಿಂಟ್ ಸೈಜ್’ ಅನ್ನೋ ಆಯ್ಕೆ. ಎರಡೂ ಚುಕ್ಕಿಯ ದೂರ ಮಾತ್ರ ಬದಲಿಸುತ್ತವೆ, ಎಣಿಕೆ ಮುಟ್ಟುವುದಿಲ್ಲ. 165ನ್ನು 300 ಮಾಡಬೇಕು ಅಂತ ಸುಮ್ನೆ ಬೈಕ್ಯೂಬಿಕ್‌ನಲ್ಲಿ ಹಿಗ್ಗಿಸಿದರೆ ಅಂಕಿ ಚೆಂದ ಆಗುತ್ತದೆ, ಅಕ್ಷರದ ಅಂಚು ಕರಗುತ್ತದೆ. ಬೈಕ್ಯೂಬಿಕ್, ಲಾಂಕ್ಜೋಸ್ ಇವೆಲ್ಲ ಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆಸಿ ಹೊಸದನ್ನು ಮಾಡುವ ವಿಧಾನಗಳು. ಫೋಟೋಗೆ ಒಳ್ಳೆಯವು.

ಪ್ರೆಸ್ಸಿನ ಸಾಫ್ಟ್‌ವೇರು 300ಕ್ಕಿಂತ ಕಡಿಮೆ ಇದ್ದದ್ದನ್ನು ವಾಪಸ್ ಕಳಿಸುತ್ತದೆ ಅಂದರೆ, ಪೂರ್ಣ ಸಂಖ್ಯೆಯ ಪಟ್ಟು ಹಿಗ್ಗಿಸಿ. ನೂರಕ್ಕೆ 200, 300 ಅಥವಾ 400. 180 ಬೇಡ, 250 ಬೇಡ. ವಿಧಾನ ‘ನಿಯರೆಸ್ಟ್ ನೇಬರ್’. ಗಿಂಪ್‌ನಲ್ಲಿ ಇಂಟರ್‌ಪೊಲೇಶನ್ ‘ನನ್’ ಅಂತ ಆರಿಸಿದರೆ ಅದೇ. ಒಂದು ಪಿಕ್ಸೆಲ್ 200ರಲ್ಲಿ ನಾಲ್ಕಾಗುತ್ತದೆ, 300ರಲ್ಲಿ ಒಂಬತ್ತಾಗುತ್ತದೆ. ಎಲ್ಲ ಒಂದೇ ಬಣ್ಣ. ಬೆರಕೆ ಇಲ್ಲ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಗಾಬರಿ ಬೇಡ. ಕಾಗದದ ಮೇಲೆ ಆ ಮೆಟ್ಟಿಲು ಇಂಚಿನ 165ನೇ ಒಂದು ಭಾಗ. ಮೆಟ್ಟಿಲಿನ ಅಕ್ಷರವನ್ನು ಕಣ್ಣು ಓದುತ್ತದೆ. ಕರಗಿದ ಅಕ್ಷರ ಕಣ್ಣಿಗೆ ಕಷ್ಟ.

ಚಿಕ್ಕದು ಮಾಡಲೇಬೇಕು ಅಂತಾದರೆ 200ರಲ್ಲಿ ತೆಗೆದ ಚಿತ್ರವನ್ನು ಸರಿಯಾಗಿ ಅರ್ಧ ಮಾಡಿ. ನಾಲ್ಕು ಪಿಕ್ಸೆಲ್ಲು ಸರಿಯಾಗಿ ಒಂದಾಗುತ್ತದೆ. ವೆಬ್‌ಸೈಟಿಗೆ ಹಾಕುವಾಗ ಇದು ಉಪಯೋಗಕ್ಕೆ ಬರುತ್ತದೆ. ಮುದ್ರಣಕ್ಕೆ ಚಿಕ್ಕದು ಮಾಡುವ ಅಗತ್ಯವೇ ಇಲ್ಲ. ಪುಟದಲ್ಲಿ ಚಿಕ್ಕದಾಗಿ ಇಟ್ಟರಾಯಿತು.

ನಮಗೆ ಗೊತ್ತಿಲ್ಲದೆ ಕೆಡುವ ಜಾಗಗಳು

ನನ್ನ ರಾಧಮ್ಮ ಎಲ್ಲಿ ಕೆಟ್ಟರು ಅಂತ ಹುಡುಕಿದೆನಲ್ವಾ? ಮೂರು ಕಡೆ ಸಿಕ್ಕಿತು.

ಮೊದಲನೆಯದು ವಾಟ್ಸ್‌ಆ್ಯಪ್. ಸ್ಕ್ರೀನ್‌ಶಾಟ್ ತೆಗೆದ ಹುಡುಗ ಡಿಟಿಪಿ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದ್ದ. ಅಲ್ಲೇ ಚಿತ್ರ ಕುಗ್ಗಿ ಜೆಪಿಜಿ ಆಗಿತ್ತು. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಇದ್ದ ಹಾಗೇ ಹೋಗುತ್ತಿತ್ತು. ದಯವಿಟ್ಟು ನಿಮ್ಮ ಗಿರಾಕಿಗಳಿಗೆ ಇದೊಂದನ್ನು ಹೇಳಿಕೊಡಿ.

ಜೆಪಿಜಿ ಅಂದರೆ ಏನು ತೊಂದರೆ? ಆ ವಿಧಾನ ಫೋಟೋಗಳಿಗಾಗಿ ಮಾಡಿದ್ದು. ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕವನ್ನೂ 64 ಅಲೆಗಳ ಮೊತ್ತವಾಗಿ ಲೆಕ್ಕ ಹಾಕುತ್ತದೆ. ಜಾಗ ಉಳಿಸಲಿಕ್ಕೆ ಸಣ್ಣ ಅಲೆಗಳನ್ನು ಒರಟಾಗಿ ಬರೆದಿಡುತ್ತದೆ, ಕೆಲವನ್ನು ಬಿಟ್ಟೇಬಿಡುತ್ತದೆ. ಬೆಟ್ಟದ ಫೋಟೋದಲ್ಲಿ ಅದು ಕಾಣುವುದಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರದ ಚೂಪು ಅಂಚಿಗೆ ಆ ಸಣ್ಣ ಅಲೆಗಳೇ ಆಧಾರ. ಅವು ಹೋದರೆ ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಲೆಗಳು ಏಳುತ್ತವೆ. ಸಾಮಾನ್ಯವಾಗಿ ಬಣ್ಣದ ವಿವರವನ್ನೂ ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ ಮಾಡಿಬಿಡುತ್ತದೆ. ಕೆಂಪು ಅಕ್ಷರಗಳು ಹರಡಿದ ಹಾಗೆ ಕಾಣುವುದು ಅದಕ್ಕೇ. ಸ್ಕ್ರೀನ್‌ಶಾಟ್‌ಗೆ ಪಿಎನ್‌ಜಿ ಸರಿ. 1996ರಿಂದ ಬಳಕೆಯಲ್ಲಿದೆ. ಜಿಪ್ ಫೈಲಿನ ಹಾಗೆ ಒತ್ತಿ ಇಡುತ್ತದೆ, ತೆಗೆದಾಗ ಒಂದು ಪಿಕ್ಸೆಲ್ಲೂ ಬದಲಾಗಿರುವುದಿಲ್ಲ. ಬರೀ ಅಕ್ಷರ ಮತ್ತು ಒಂದೇ ಬಣ್ಣದ ಹಿನ್ನೆಲೆ ಇರುವ ಚಿತ್ರದಲ್ಲಿ ಎಷ್ಟೋ ಸಲ ಜೆಪಿಜಿಗಿಂತ ಚಿಕ್ಕದೂ ಆಗಿರುತ್ತದೆ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲೇ ಕೆಲಸ ಮಾಡುವವರು ಟಿಫ್ ಮಾಡಿಕೊಳ್ಳಿ. ಅದೂ ಏನನ್ನೂ ಕಳೆಯದೆ ಇಡುತ್ತದೆ. ಇನ್ನೊಂದು ಮಾತು. ಒಮ್ಮೆ ಜೆಪಿಜಿ ಆದದ್ದನ್ನು ಪಿಎನ್‌ಜಿ ಅಂತ ಉಳಿಸಿದರೆ ಸೊಳ್ಳೆಗಳೂ ಭದ್ರವಾಗಿ ಉಳಿಯುತ್ತವೆ.

ಎರಡನೆಯದು ವರ್ಡ್. ಚಿತ್ರವಿರುವ ಫೈಲನ್ನು ಉಳಿಸುವಾಗ ವರ್ಡ್ ತಾನಾಗಿಯೇ ಚಿತ್ರಗಳನ್ನು ಕುಗ್ಗಿಸಬಹುದು. ಆ ಮಿತಿ ಇಂಚಿಗೆ 220 ಅಂತ ಇಟ್ಟುಕೊಂಡಿರುವ ಕಂಪ್ಯೂಟರುಗಳು ಬಹಳ. 329 ಇದ್ದದ್ದು 220 ಆದರೆ ಅದು ಮೂರನೇ ಎರಡು ಭಾಗ. 15 ಚುಕ್ಕಿಯನ್ನು 10 ಮಾಡಿದ ಹಾಗೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ‘ಇಮೇಜ್ ಸೈಜ್ ಅಂಡ್ ಕ್ವಾಲಿಟಿ’ ಅನ್ನೋ ಭಾಗವಿದೆ. ಅಲ್ಲಿ ‘ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್’ ಟಿಕ್ ಮಾಡಿ. ಚಿತ್ರ ಹಾಕುವ ಮೊದಲೇ ಮಾಡಿ. ಉಳಿಸಿ ಮುಚ್ಚಿದ ಮೇಲೆ ಹೋದ ಪಿಕ್ಸೆಲ್ ವಾಪಸ್ ಬರುವುದಿಲ್ಲ.

ಮೂರನೆಯದು ಪಿಡಿಎಫ್ ಮಾಡುವ ಹೊತ್ತು. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಎಕ್ಸ್‌ಪೋರ್ಟ್ ಕಿಟಕಿ ತೆರೆದರೆ ಜೆಪಿಜಿ ಗುಣಮಟ್ಟ 90, ರೆಸಲ್ಯೂಶನ್ 300ಕ್ಕೆ ಇಳಿಸು ಅಂತ ಇರುತ್ತದೆ. ‘ಲಾಸ್‌ಲೆಸ್’ ಆರಿಸಿ, ಇಳಿಸುವ ಟಿಕ್ ತೆಗೆಯಿರಿ. ಇನ್‌ಡಿಸೈನ್‌ನ ಕಂಪ್ರೆಶನ್ ಪುಟದಲ್ಲಿ ‘ಡು ನಾಟ್ ಡೌನ್‌ಸ್ಯಾಂಪಲ್’ ಮತ್ತು ಜಿಪ್. ಪೇಜ್‌ಮೇಕರ್‌ನಿಂದ ಪಿಡಿಎಫ್ ಮಾಡುವ ಡಿಸ್ಟಿಲರ್ ಮೂಲಕ ಹೋಗುವವರು ಅಲ್ಲಿನ ಸೆಟ್ಟಿಂಗ್‌ನಲ್ಲೂ ಇದನ್ನೇ ನೋಡಿ. ಫೈಲ್ ಸ್ವಲ್ಪ ದಪ್ಪವಾಗುತ್ತದೆ. ಆಗಲಿ.

ಶಾಯಿಯ ಕಡೆಯಿಂದ

ಪ್ರೆಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಪ್ರೆಸ್ಸಿಗೆ ಬೂದು ಬಣ್ಣ ಗೊತ್ತಿಲ್ಲ. ಅದರ ಹತ್ತಿರ ಇರುವುದು ಕಪ್ಪು ಶಾಯಿ. ಬೂದು ಬೇಕಾದರೆ ಕಪ್ಪಿನ ಸಣ್ಣ ಸಣ್ಣ ಚುಕ್ಕಿ ಹಾಕುತ್ತದೆ. ಹಳೆಯ ಪೇಪರಿನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಗೊತ್ತು. ಈಗಿನ ವೆಬ್‌ಸೈಟುಗಳಲ್ಲಿ ತಿಳಿ ಬೂದು ಅಕ್ಷರದ ಫ್ಯಾಷನ್ ಜಾಸ್ತಿ. ಪರದೆಯ ಮೇಲೆ ಚೆಂದ. ಕಾಗದದ ಮೇಲೆ ಆ ಅಕ್ಷರ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಕಪ್ಪುಬಿಳುಪು ಪುಸ್ತಕವಾದರೆ ಚಿತ್ರವನ್ನು ಗ್ರೇಸ್ಕೇಲ್ (ಬರೀ ಕಪ್ಪು, ಬಿಳಿ, ಬೂದು) ಮಾಡಿ, ಲೆವೆಲ್ಸ್‌ನಲ್ಲಿ ಬೂದು ಅಕ್ಷರವನ್ನು ಕಪ್ಪಿನ ಹತ್ತಿರಕ್ಕೆ ತಳ್ಳಿ. ಇದು ಮೋಸವಲ್ಲ. ಓದುಗರಿಗೆ ಬೇಕಿರುವುದು ಓದಲಿಕ್ಕೆ.

ಡಾರ್ಕ್ ಮೋಡ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಮುದ್ರಣಕ್ಕೆ ಬೇಡ. ಕಪ್ಪು ತುಂಬಿದ ಜಾಗದಲ್ಲಿ ಶಾಯಿ ಒಳಕ್ಕೆ ಹರಡುತ್ತದೆ. ಬಿಳಿ ಅಕ್ಷರ ತೆಳ್ಳಗಾಗುತ್ತದೆ. ಮೊದಲು ಹೋಗುವುದು ನಮ್ಮ ಸೀಳು, ಆಮೇಲೆ ಒತ್ತು.

ಬಣ್ಣದ ಪುಸ್ತಕದಲ್ಲಿ ಬೇರೆ ತೊಂದರೆ. ಪರದೆಯ ಕಪ್ಪು ನಾಲ್ಕು ಶಾಯಿಯ ಕಪ್ಪಾಗಿ ಬದಲಾಗುತ್ತದೆ. ನಾಲ್ಕು ಪ್ಲೇಟು ಕೂದಲೆಳೆಯಷ್ಟು ಹೊಂದದಿದ್ದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಚಿತ್ರದಲ್ಲಿ ಬಣ್ಣದ ಕೆಲಸ ಏನೂ ಇಲ್ಲದಿದ್ದರೆ ಬಣ್ಣದ ಪುಸ್ತಕದಲ್ಲೂ ಅದನ್ನು ಗ್ರೇಸ್ಕೇಲ್ ಆಗಿ ಹಾಕಿ. ಒಂದೇ ಶಾಯಿ, ಚೊಕ್ಕ ಅಕ್ಷರ. ವಿಂಡೋಸ್‌ನ ಕ್ಲಿಯರ್‌ಟೈಪ್ ಅಕ್ಷರದ ಅಂಚಿಗೆ ಹಚ್ಚುವ ಕೆಂಪು, ನೀಲಿ ಛಾಯೆಗೂ ಇದೇ ಔಷಧ.

ಮುಚ್ಚಬೇಕಾದ್ದನ್ನು ಮುಚ್ಚುವುದು

ಶಾರ್ಪ್ ಆಗಿಸುವ ಮಾತಿನ ನಡುವೆ ಇದು ಬೇರೆ ವಿಷಯ ಅನ್ನಿಸಬಹುದು. ಆದರೆ ಚಿತ್ರ ಸ್ಪಷ್ಟವಾದಷ್ಟೂ ಅದರಲ್ಲಿರುವ ಆಧಾರ್ ಸಂಖ್ಯೆ, ಫೋನ್ ನಂಬರ್ ಕೂಡ ಸ್ಪಷ್ಟವಾಗುತ್ತದೆ. ಬ್ಲರ್ ಮಾಡಿ ಬಿಡಬೇಡಿ. ಬ್ಲರ್ ಆದ ಅಂಕಿಯನ್ನು ಊಹಿಸಲು ಆಗುತ್ತದೆ. ಗಟ್ಟಿ ಒಂದೇ ಬಣ್ಣದ ಪಟ್ಟಿಯನ್ನು ಚಿತ್ರದೊಳಗೇ ಬಳಿದು ಪಿಎನ್‌ಜಿ ಆಗಿ ಉಳಿಸಿ. ವರ್ಡ್‌ನಲ್ಲಿ ಮೇಲೆ ಒಂದು ಕಪ್ಪು ಚೌಕ ಇಟ್ಟರೆ ಅದನ್ನು ಯಾರು ಬೇಕಾದರೂ ಸರಿಸಬಹುದು. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗವೂ ಫೈಲಿನೊಳಗೆ ಉಳಿದಿರುತ್ತದೆ. ಕ್ರಾಪ್ ಅನ್ನು ಹೊರಗೇ ಮಾಡಿ ತಂದರೆ ನಿಶ್ಚಿಂತೆ. ಮಾದರಿ ಹೆಸರು, ಮಾದರಿ ಸಂಖ್ಯೆ ಹಾಕಿ ತೆಗೆಯಲಿಕ್ಕೆ ಆದರೆ ಅದು ಎಲ್ಲಕ್ಕಿಂತ ಒಳ್ಳೆಯದು.

ಸಭೆಯಲ್ಲಿ ಬಂದ ಪ್ರಶ್ನೆಗಳು

ಡಿಟಿಪಿ ಅಂಗಡಿ ನಡೆಸುವ ಒಬ್ಬರು ಕೇಳಿದರು. ‘ಮೇಡಂ, ಗಿರಾಕಿಗಳು ಕಂಪ್ಯೂಟರ್ ಪರದೆಗೆ ಫೋನ್ ಹಿಡಿದು ಫೋಟೋ ತೆಗೆದು ಕಳಿಸ್ತಾರೆ. ಅದನ್ನ ಏನ್ ಮಾಡೋದು?’

ಅದಕ್ಕೆ ಔಷಧ ಇಲ್ಲ. ಪರದೆಯ ಚುಕ್ಕಿಗಳ ಸಾಲಿಗೂ ಕ್ಯಾಮೆರಾದ ಚುಕ್ಕಿಗಳ ಸಾಲಿಗೂ ಹೊಂದಾಣಿಕೆ ಆಗದೆ ಅಲೆ ಅಲೆ ಪಟ್ಟಿ ಏಳುತ್ತದೆ. ಯಾವ ಫಿಲ್ಟರಿನಿಂದಲೂ ಅದು ಪೂರ್ತಿ ಹೋಗುವುದಿಲ್ಲ. ವಾಪಸ್ ಕಳಿಸಿ. ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಅಂತ ಒಂದು ಚೀಟಿ ಅಂಗಡಿಯಲ್ಲಿ ಅಂಟಿಸಿ.

ಒಬ್ಬ ಶಿಕ್ಷಕರು ಎಐ ಬಳಸಿ ಚಿತ್ರ ಹಿಗ್ಗಿಸುವ ಆ್ಯಪ್‌ಗಳ ಬಗ್ಗೆ ಕೇಳಿದರು. ಮದುವೆ ಫೋಟೋಗೆ ಬಳಸುವವರು ಬಳಸಲಿ. ಅಕ್ಷರವಿರುವ ಸ್ಕ್ರೀನ್‌ಶಾಟ್‌ಗೆ ನಾನು ಬಳಸುವುದಿಲ್ಲ. ಅದು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ. ಮಸುಕಾದ 3 ಅನ್ನು ಚೊಕ್ಕವಾದ 8 ಮಾಡಿಬಿಟ್ಟರೆ? ಮಸುಕಾಗಿದ್ದಾಗ ಓದುಗರು ಅನುಮಾನವಾದರೂ ಪಡುತ್ತಿದ್ದರು. ಚೊಕ್ಕವಾದ ತಪ್ಪನ್ನು ನಂಬಿಬಿಡುತ್ತಾರೆ. ಅದರ ಬದಲು ಆ ಪುಟ ಇನ್ನೂ ತೆರೆಯುವಂತಿದ್ದರೆ ಬ್ರೌಸರಿನಲ್ಲಿ ಕಂಟ್ರೋಲ್ ಪಿ ಒತ್ತಿ ಪಿಡಿಎಫ್ ಆಗಿ ಉಳಿಸಿ ನೋಡಿ. ಅದರಲ್ಲಿ ಅಕ್ಷರಗಳು ಪಿಕ್ಸೆಲ್ಲಾಗದೆ ಫಾಂಟಿನ ಗೆರೆಯಾಗಿಯೇ ಉಳಿಯುತ್ತವೆ. ಬೇಕಾದ ಭಾಗ ಮಾತ್ರ ಪುಟದಲ್ಲಿ ಇಡಬಹುದು. ಎಷ್ಟು ಹಿಗ್ಗಿಸಿದರೂ ಚೂಪು. ಕೆಲವು ವೆಬ್‌ಸೈಟುಗಳು ಪ್ರಿಂಟ್‌ಗೆ ಬೇರೆ ರೂಪ ತೋರಿಸುತ್ತವೆ. ಅಲ್ಲಿ ಇದು ನಡೆಯುವುದಿಲ್ಲ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ‘ಸರಿಯಾಗಿ ಬಂದಿದೆ ಅಂತ ಪ್ರೆಸ್ಸಿಗೆ ಕೊಡೋ ಮೊದಲೇ ಹೇಗೆ ಗೊತ್ತಾಗುತ್ತೆ?’

ಪರದೆಯ ಮೇಲೆ ಪಿಡಿಎಫ್ ನೋಡಿ ತೀರ್ಮಾನಿಸಬೇಡಿ. ಪಿಡಿಎಫ್ ತೋರಿಸುವ ಸಾಫ್ಟ್‌ವೇರೂ ತನ್ನ ಅನುಕೂಲಕ್ಕೆ ಚಿತ್ರ ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತದೆ. ಲೇಸರ್ ಪ್ರಿಂಟರ್‌ನಲ್ಲಿ ಒಂದು ಪುಟ ತೆಗೆಯಿರಿ. ‘ಫಿಟ್ ಟು ಪೇಜ್’ ಬೇಡ, ನಿಜ ಅಳತೆಯಲ್ಲಿ. ಪುಸ್ತಕದ ಗಾತ್ರಕ್ಕೆ ಕತ್ತರಿಸಿ. ಅದನ್ನು ಓದಬೇಕಾದವರ ಕೈಗೆ ಕೊಡಿ, ಅವರ ಮನೆಯ ಬೆಳಕಿನಲ್ಲಿ.

ನಾನು ಎರಡನೇ ಮುದ್ರಣಕ್ಕೆ ಮೊದಲು ಹಾಗೇ ಮಾಡಿದೆ. ಪುಟ ಕತ್ತರಿಸಿಕೊಂಡು ಅದೇ ಹಳ್ಳಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ನೋಡಿದರು. ಬೆರಳಿಟ್ಟು, ‘ಇದಕ್ಕೆ ಸೀಳೈತೆ, ಇದಕ್ಕಿಲ್ಲ’ ಅಂದರು. ನನಗೆ ಉಸಿರು ಬಂತು. ಅವರು ಪುಟ ವಾಪಸ್ ಕೊಡಲಿಲ್ಲ. ಇನ್ನೂ ಕೆಳಗೆ ನೋಡಿದರು. ‘ಗುಂಟೆ ಎಷ್ಟು ಅಂತ ಕಾಣಲ್ವಲ್ಲಮ್ಮ. ಈ ಬಾಣ ಮೇಲೆ ಕೂತೈತೆ.’

ಹೆಸರಿನ ಕಡೆ ತೋರಿಸಲಿಕ್ಕೆ ನಾನು ಸ್ಕ್ರೀನ್‌ಶಾಟ್‌ನೊಳಗೇ ಕೆಂಪು ಬಾಣ ಬರೆದಿದ್ದೆ. ಅದರ ಬಾಲ ವಿಸ್ತೀರ್ಣದ ಅಂಕಿಯ ಮೇಲೆ ಬಿದ್ದಿತ್ತು. ಬಾಣ ಪಿಕ್ಸೆಲ್ಲಿನಲ್ಲಿ ಬೆರೆತುಹೋದ್ದರಿಂದ ತೆಗೆಯಲು ಬರಲಿಲ್ಲ. ಊರಿಗೆ ಬಂದು ಸ್ಕ್ರೀನ್‌ಶಾಟ್ ಮತ್ತೆ ತೆಗೆದೆ. ಈ ಸಲ ಬಾಣವನ್ನು ಪುಟದ ಸಾಫ್ಟ್‌ವೇರಿನಲ್ಲೇ ಬೇರೆ ಗೆರೆಯಾಗಿ ಎಳೆದೆ. ಚಿತ್ರದ ಹೊರಗಿನ ಅಂಚಿನಿಂದ ಬಂದು ಹೆಸರಿನ ಹತ್ತಿರ ನಿಲ್ಲುವ ಹಾಗೆ.